ಉಪ್ಪು ಹೊತ್ತು ಬಂದ ಸೊಪ್ಪು

ಕುಮಾರ ಪಾರ್ಕಿನಲ್ಲಿ ಮನೆ ಮಾಡಿದವರಿಗೆ ಇರುವ ಒಂದು ಸೌಕರ್ಯವನ್ನು ಯಾವ ಬ್ರೋಕರೂ ಬಾಯಿಬಿಟ್ಟು ಹೇಳುವುದಿಲ್ಲ. ರೈಲ್ವೆ ಸ್ಟೇಷನ್ ಹತ್ತಿರ, ವಿಧಾನಸೌಧ ಹತ್ತಿರ, ಶೇಷಾದ್ರಿಪುರದ ಕಾಲೇಜು ಹತ್ತಿರ ಎಂದೆಲ್ಲ ಬೆರಳು ಮಡಿಸುತ್ತಾರೆಯೇ ಹೊರತು, ಕರಾವಳಿ ಹತ್ತಿರ ಎನ್ನುವುದಿಲ್ಲ. ನಿಜ ಮಾತ್ರ ಅದೇ. ಪುತ್ತೂರು, ಮಂಗಳೂರು, ಉಡುಪಿ, ಕುಂದಾಪುರ, ಕುಮಟಾಗಳಿಂದ ರಾತ್ರಿ ಹೊರಟ ಬಸ್ಸುಗಳು ಬೆಳಗಿನ ಜಾವಕ್ಕೆ ಆನಂದರಾವ್ ಸರ್ಕಲ್ಲಿನ ಆಸುಪಾಸಿನಲ್ಲಿ ಬಂದು ನಿಲ್ಲುತ್ತವೆ. ಕಣ್ಣುಜ್ಜಿಕೊಳ್ಳುವ ಮಂದಿಯ ಜೊತೆ ಹಗ್ಗ ಬಿಗಿದ ರಟ್ಟಿನ ಪೆಟ್ಟಿಗೆಗಳೂ ಇಳಿಯುತ್ತವೆ. ಒಳಗೆ ಕೆಸುವಿನ ಎಲೆ ಇರಬಹುದು, ಸುತ್ತಿ ಸಿಂಬಿ ಮಾಡಿದ ಬಸಳೆ ಬಳ್ಳಿ ಇರಬಹುದು, ಕುಚ್ಚಲಕ್ಕಿ, ತೆಂಗಿನೆಣ್ಣೆ, ಮಿಡಿ ಮಾವಿನಕಾಯಿ, ಯಾರದೋ ಬಾಣಂತಿಗೆ ಲೇಹ್ಯ. ಬನಶಂಕರಿಯವರೂ ವೈಟ್‌ಫೀಲ್ಡಿನವರೂ ಆಟೋ ಹುಡುಕುವ ಹೊತ್ತಿಗೆ ನಾವು ಚಪ್ಪಲಿ ಮೆಟ್ಟಿಕೊಂಡು ನಡೆದೇ ಹೋಗಿ ಪೆಟ್ಟಿಗೆ ತಂದು, ಕಾಫಿಗೆ ಹಾಲಿಟ್ಟಿರುತ್ತೇವೆ.

ನಾನು ಹುಟ್ಟಿದ್ದು ಚಾಮರಾಜಪೇಟೆಯಲ್ಲಿ, ಸೇರಿದ್ದು ಪುತ್ತೂರಿನ ಕಡೆಯ ಹವ್ಯಕರ ಮನೆ. ತೌರಿನಲ್ಲಿ ತೊಗರಿಬೇಳೆ ಇಲ್ಲದೆ ಒಲೆ ಹೊತ್ತಿಸುವ ಪದ್ಧತಿಯಿರಲಿಲ್ಲ. ಅತ್ತೆಯ ಮನೆಯಲ್ಲಿ ತೆಂಗಿನಕಾಯಿ ಇಲ್ಲದೆ. ಹೀಗಾಗಿ ನಮ್ಮ ಮನೆಯ ಅಡುಗೆಯಲ್ಲಿ ಘಟ್ಟದ ಮೇಲು-ಕೆಳಗಿನ ಗಡಿ ವಿವಾದ ಇನ್ನೂ ಇತ್ಯರ್ಥವಾಗಿಲ್ಲ. ಆದರೆ ಒಂದು ವಿಷಯದಲ್ಲಿ ನಾನು ಸಂಪೂರ್ಣ ಕರಾವಳಿಯ ಶಿಷ್ಯೆ. ತರಕಾರಿ ತನ್ನ ಉಪ್ಪನ್ನು ತಾನೇ ಹೊತ್ತುಕೊಂಡು ಬಂದಾಗ ಅದರ ಜೊತೆಗೆ ಏನನ್ನಿಡಬೇಕು ಎಂಬುದು ಆ ವಿಷಯ.

ಇದು ಕಷ್ಟದ ವಿದ್ಯೆ. ನಮ್ಮ ಕಡೆಯ ಹೆಂಗಸರಿಗೆ ಉಪ್ಪು ಹಾಕುವುದು ಯೋಚನೆ ಮಾಡಿ ಮಾಡುವ ಕೆಲಸವೇ ಅಲ್ಲ. ಪಾತ್ರೆಯಲ್ಲಿ ಏನೋ ಕುದಿಯುತ್ತಿದೆ ಎಂದು ಕಂಡರೆ ಸಾಕು, ಕೈ ತಾನಾಗಿ ಉಪ್ಪಿನ ಮರಿಗೆಗೆ ಹೋಗುತ್ತದೆ. ಆ ಕೈಯನ್ನು ತಡೆದು ಹಿಡಿಯುವುದನ್ನು ನನಗೆ ಕಲಿಸಿದ್ದು ಉಪ್ಪುಸೊಳೆ. ಬಲಿತ ಹಲಸಿನಕಾಯಿಯ ಸೊಳೆ ಬಿಡಿಸಿ, ಬೀಜ ತೆಗೆದು, ಕಲ್ಲುಪ್ಪು ಬೆರೆಸಿ ಭರಣಿಗೆ ತುಂಬಿ, ಮೇಲೆ ಭಾರ ಹೇರಿ ಬೇಸಿಗೆಯಲ್ಲೇ ಮುಚ್ಚಿಡುತ್ತಾರೆ. ತುಳುವರ ಮನೆಗಳಲ್ಲಿ ಅದೇ ಉಪ್ಪಡ್ ಪಚ್ಚಿಲ್. ಮಳೆ ಹಿಡಿದು, ಅಂಗಳ ಪಾಚಿಗಟ್ಟಿ, ಹಿತ್ತಿಲಲ್ಲಿ ಕೆಸು ತಗತೆಗಳ ಹೊರತು ಬೇರೇನೂ ಸಿಗದ ಆಟಿ ತಿಂಗಳಲ್ಲಿ ಭರಣಿಯ ಬಾಯಿ ತೆರೆಯುತ್ತದೆ. ಮೊದಲ ಸಲ ಅದರ ವಾಸನೆ ಮೂಗಿಗೆ ಬಡಿದಾಗ ಚಾಮರಾಜಪೇಟೆಯ ಹುಡುಗಿಗೆ ಏನನ್ನಿಸಿತು ಎಂಬುದನ್ನು ಇಲ್ಲಿ ಬರೆಯುವುದು ಬೇಡ. ಅತ್ತೆ ಓದುತ್ತಾರೆ.

ಅತ್ತೆಯ ಪಾಠ ಬಹಳ ಚಿಕ್ಕದು. ಸೊಳೆಯನ್ನು ತೊಳೆದು ನೀರಿನಲ್ಲಿ ನೆನೆಹಾಕಬೇಕು, ನೀರು ಬದಲಾಯಿಸಬೇಕು, ಹಿಂಡಬೇಕು, ಒಂದು ಚೂರು ಕಚ್ಚಿ ನೋಡಬೇಕು. "ಪೂರ್ತಿ ಉಪ್ಪು ಬಿಡಿಸ್ಲಿಕ್ಕೆ ಹೋಗ್ಬೇಡ ಮಾರಾಯ್ತಿ, ಮತ್ತೆ ಅದರಲ್ಲಿ ಉಳಿಯುವುದೆಂತ?" ಎನ್ನುತ್ತಿದ್ದರು. ಅಲ್ಲಿಂದ ಮುಂದಿನದೆಲ್ಲ ಜೊತೆಗಾರರ ಪ್ರಶ್ನೆ. ರೊಟ್ಟಿಯಾದರೆ ನೆನೆಸಿದ ಅಕ್ಕಿ, ತೆಂಗಿನ ತುರಿ, ಒಂದಿಷ್ಟು ಜೀರಿಗೆ ಸೇರಿಸಿ ರುಬ್ಬಿ ಬಾಳೆಲೆಯ ಮೇಲೆ ತಟ್ಟುವುದು. ಪಲ್ಯವಾದರೆ ಕಪ್ಪು ಕಡಲೆ, ಬೆಲ್ಲದ ಚೂರು, ತೆಂಗಿನೆಣ್ಣೆಯಲ್ಲಿ ಬೆಳ್ಳುಳ್ಳಿ ಒಗ್ಗರಣೆ. ಮಧ್ಯಾಹ್ನವೆಲ್ಲ ಕುಳಿತು ಗೋಲಿಗಿಂತ ಸಣ್ಣ ಉಂಡೆ ಕಟ್ಟುವ ತಾಳ್ಮೆಯಿದ್ದರೆ ಎಣ್ಣೆಯಲ್ಲಿ ಕರಿದ ಉಂಡ್ಲುಕಾಳು. ಮಳೆಗೆ ಅದರಷ್ಟು ಒಳ್ಳೆಯ ತಿಂಡಿ ನನಗೆ ಗೊತ್ತಿಲ್ಲ, ಅದರಷ್ಟು ಬೆನ್ನು ನೋಯಿಸುವ ತಿಂಡಿಯೂ. ಅಕ್ಕಿ, ಕಡಲೆ, ಕಾಯಿ, ಬೆಲ್ಲ: ಒಂದೂ ತನ್ನದೆಂದು ಉಪ್ಪು ತರುವುದಿಲ್ಲ, ಒಂದಕ್ಕೂ ಬೇರೆ ಉಪ್ಪು ಹಾಕುವುದೂ ಇಲ್ಲ. ಎಲ್ಲ ಸೊಳೆಯಿಂದಲೇ ಬಡ್ಡಿಯಿಲ್ಲದ ಸಾಲ ಎತ್ತುತ್ತವೆ.

ಇದಕ್ಕೆಲ್ಲ ಯಾರೂ ಶಾಸ್ತ್ರ ಬರೆದಿಟ್ಟಿಲ್ಲ. ಇತ್ತೀಚೆಗೆ ನಗರದ ದುಬಾರಿ ಹೋಟೆಲುಗಳಲ್ಲಿ ಯಾವ ರುಚಿಗೆ ಯಾವ ರುಚಿ ಜೋಡಿ ಎಂದು ಮಾಣಿಗಳು ಬಂದು ಭಾಷಣ ಮಾಡುತ್ತಾರೆ. ಕೇಳುವುದಕ್ಕೆ ಚೆನ್ನಾಗಿಯೇ ಇರುತ್ತದೆ. ಆದರೆ ಮಂಗಳೂರಿನ ಕಡೆ ಬಸಳೆಗೆ ಸಿಗಡಿ ಜೊತೆಯಾದದ್ದು, ಮರುವಾಯಿ ಜೊತೆಯಾದದ್ದು, ಮೀನು ಮುಟ್ಟದ ಮನೆಗಳಲ್ಲಿ ಹಲಸಿನ ಬೀಜ ಜೊತೆಯಾದದ್ದು ಭಾಷಣದಿಂದಲ್ಲ. ಹಿತ್ತಿಲಲ್ಲಿ ಬಸಳೆ ಚಪ್ಪರವಿತ್ತು, ಹೊಳೆಯಲ್ಲಿ ಮರುವಾಯಿ ಇತ್ತು, ಅಟ್ಟದ ಮೇಲೆ ಮಣ್ಣು ಮೆತ್ತಿದ ಹಲಸಿನ ಬೀಜವಿತ್ತು. ಲೋಳೆಯ ಎಲೆಗೆ ಗಟ್ಟಿಯಾದ, ಒಂದಿಷ್ಟು ಸಿಹಿಯ ಏನೋ ಬೇಕಾಗಿತ್ತು, ಕೈಗೆ ಸಿಕ್ಕಿದ್ದು ಅದು.

ಇಷ್ಟೆಲ್ಲ ಪೀಠಿಕೆಗೆ ಕಾರಣ ಒಂದು ಬಾಟಲಿ. ಮೈದುನನ ಮಗಳು ಹಾಲೆಂಡಿನಲ್ಲಿ ಕೆಲಸದಲ್ಲಿದ್ದಾಳೆ. ಡಿಸೆಂಬರಿನ ರಜೆಗೆ ಬಂದವಳು ಚಾಕಲೇಟಿನ ಜೊತೆಗೆ ವಿನೆಗರಿನಲ್ಲಿ ಮುಳುಗಿದ ಹಸಿರು ಕಡ್ಡಿಗಳ ಒಂದು ಬಾಟಲಿ ತಂದಳು. ಎಲೆಯಿಲ್ಲ, ಹೂವಿಲ್ಲ, ಗಂಟುಗಂಟಾದ ಕಡ್ಡಿ ಮಾತ್ರ. "ದೊಡ್ಡಮ್ಮ, ಇದು ಸಮುದ್ರದ ಪಕ್ಕ ಕೆಸರಲ್ಲಿ ಬೆಳೆಯತ್ತೆ. ಹಾಗೇ ತಿಂದು ನೋಡಿ, ಉಪ್ಪು ಹಾಕೋದೇ ಬೇಡ" ಎಂದಳು. ಅಲ್ಲಿ ಅದಕ್ಕೆ ಜೀಕ್ರಾಲ್ ಎನ್ನುತ್ತಾರಂತೆ, ಅಂಗಡಿಗಳಲ್ಲಿ ತಾಜಾ ಕೂಡ ಸಿಗುತ್ತದಂತೆ. ಇಂಗ್ಲೆಂಡಿನವರ ಸ್ಯಾಂಫೈರ್ ಇದೇ, ಸಸ್ಯಶಾಸ್ತ್ರದವರು ಸ್ಯಾಲಿಕಾರ್ನಿಯಾ ಎನ್ನುತ್ತಾರೆ. ಹರಿವೆ, ದಂಟು, ಪಾಲಕ್‌ಗಳ ಕುಟುಂಬಕ್ಕೇ ಸೇರಿದ್ದು ಎಂದು ತಿಳಿದಾಗ ನನಗೆ ಸ್ವಲ್ಪ ಸಲಿಗೆ ಬಂತು. ನಮ್ಮ ದಂಟಿನ ಸೊಪ್ಪಿನ ದೂರದ ದಾಯಾದಿ, ಸಮುದ್ರಕ್ಕೆ ಹೋಗಿ ನೆಲೆಸಿದೆ, ಅಷ್ಟೇ.

ಈ ಗಿಡಗಳ ಬದುಕಿನ ಕ್ರಮ ಕುತೂಹಲದ್ದು. ಉಪ್ಪುನೀರಿನಲ್ಲಿ ಬೇರೂರಿದ ಮಾಮೂಲಿ ಗಿಡ ನೀರು ಹೀರಲಾರದೆ ಒಣಗುತ್ತದೆ. ಇವು ಉಪ್ಪನ್ನು ಒಳಗೆ ಕರೆದುಕೊಂಡು, ಪ್ರತಿ ಜೀವಕೋಶದ ಒಳಗಿನ ಒಂದು ಚೀಲದಲ್ಲಿ ಕೂಡಿಹಾಕಿ, ಅದರ ಬಲದಿಂದಲೇ ನೀರನ್ನು ಸೆಳೆದುಕೊಳ್ಳುತ್ತವೆ. ಕಡ್ಡಿ ಉಬ್ಬಿಕೊಂಡಿರುವುದು ಆ ನೀರಿನಿಂದ, ಹಲ್ಲಿಟ್ಟರೆ ಚಟ್ಟನೆ ಮುರಿಯುವುದೂ ಅದರಿಂದ. ಹಿಂದೆ ಯುರೋಪಿನಲ್ಲಿ ಇಂಥ ಗಿಡಗಳನ್ನು ಸುಟ್ಟು, ಬೂದಿಯ ಸೋಡಾದಿಂದ ಗಾಜು ಮಾಡುತ್ತಿದ್ದರು. ಗುಜರಾತಿನ ಭಾವನಗರದಲ್ಲಿರುವ ಕೇಂದ್ರ ಸರ್ಕಾರದ ಉಪ್ಪು ಮತ್ತು ಕಡಲ ರಾಸಾಯನಿಕಗಳ ಸಂಶೋಧನಾ ಸಂಸ್ಥೆಯವರು ನಮ್ಮ ದೇಶದ ಸ್ಯಾಲಿಕಾರ್ನಿಯಾದಿಂದ ಸಸ್ಯಮೂಲದ ಉಪ್ಪನ್ನೇ ತೆಗೆದಿದ್ದಾರೆ.

ತಿನ್ನುವವರ ಪಟ್ಟಿಯೂ ಉದ್ದವಿದೆ. ಇಂಗ್ಲೆಂಡಿನವರು ಉಪ್ಪಿಲ್ಲದ ನೀರಿನಲ್ಲಿ ಎರಡು ಕುದಿ ಬರಿಸಿ, ಬೆಣ್ಣೆ ಹಚ್ಚಿ, ನಿಂಬೆ ಹಿಂಡಿ, ಮೀನಿನ ಪಕ್ಕದಲ್ಲಿಡುತ್ತಾರೆ. ತುರ್ಕಿಯವರು ಬೇಯಿಸಿದ ಮೇಲೆ ಬೆರಳುಗಳ ನಡುವೆ ಹಿಡಿದೆಳೆದು ಒಳಗಿನ ನಾರಿನ ಕಡ್ಡಿಯನ್ನು ತೆಗೆದು, ಬೆಳ್ಳುಳ್ಳಿ, ಆಲಿವ್ ಎಣ್ಣೆ, ನಿಂಬೆರಸ ಬೆರೆಸುತ್ತಾರೆ. ನುಗ್ಗೆಕಾಯಿಯನ್ನು ಹಲ್ಲಿನಲ್ಲಿ ಎಳೆಯುವವರಿಗೆ ಈ ಕಸರತ್ತು ಹೊಸದಲ್ಲ. ಕೊರಿಯಾದವರು ಎಳ್ಳೆಣ್ಣೆಯಲ್ಲಿ ಕಲಸುತ್ತಾರೆ. ನಮ್ಮ ಪೂರ್ವ ಕರಾವಳಿಯಲ್ಲಿ, ತಮಿಳುನಾಡಿನ ಉಪ್ಪಳಗಳ ಬದಿಯ ಉಮರಿಯನ್ನೂ ಆಂಧ್ರದ ಇಲವಕೂರವನ್ನೂ ಬಡವರ ಮನೆಗಳು ಬಹಳ ಹಿಂದಿನಿಂದಲೇ ಬಲ್ಲವು. ಈ ಇಷ್ಟು ಜನ ಒಬ್ಬರನ್ನೊಬ್ಬರು ಕೇಳಿಕೊಂಡು ಮಾಡಿದ್ದಲ್ಲ. ಆದರೂ ಎಲ್ಲರೂ ಒಂದು ಜಿಡ್ಡು, ಒಂದು ಹುಳಿ ಎಂದು ಒಂದೇ ಕಡೆ ಬಂದು ನಿಂತಿದ್ದಾರೆ. ನಮ್ಮ ಕುಚ್ಚಲಕ್ಕಿ ಗಂಜಿಯ ಪಕ್ಕ ಕೂರುವ ನೀರು ಮಾವಿನಕಾಯಿಯ ಗೊಜ್ಜಿನಲ್ಲೂ ಇರುವುದು ಇಷ್ಟೇ: ಉಪ್ಪುನೀರಿನಲ್ಲಿಟ್ಟ ಹುಳಿ ಮಾವು, ಮೇಲೆ ತೆಂಗಿನೆಣ್ಣೆ.

ಬಾಟಲಿಯ ಕಡ್ಡಿಯನ್ನು ಕಚ್ಚಿ ನಮ್ಮವರು ಪೇಪರಿನಿಂದ ತಲೆಯೆತ್ತದೆ, "ಗಾಂಧೀಜಿ ನೋಡಿದ್ರೆ ಖುಷಿ ಪಡ್ತಿದ್ರು, ಟ್ಯಾಕ್ಸ್ ಕಟ್ಟದ ಉಪ್ಪು" ಎಂದರು. ಅವರ ಹಾಸ್ಯಗಳನ್ನು ನಾನು ಸಾಮಾನ್ಯವಾಗಿ ಮುಂದಕ್ಕೆ ದಾಟಿಸುವುದಿಲ್ಲ. ಆದರೆ ಗಾಂಧಿಯ ಹೆಸರು ನಮ್ಮ ಬಡಾವಣೆಯಲ್ಲಿ ಹಾಗೆ ಸುಮ್ಮನೆ ಬಂದುಹೋಗುವ ಹೆಸರಲ್ಲ. 1927ರಲ್ಲಿ ಆರೋಗ್ಯ ಕೆಟ್ಟು ನಂದಿಬೆಟ್ಟದಲ್ಲಿ ವಿಶ್ರಾಂತಿ ಪಡೆದ ಗಾಂಧೀಜಿ ಜೂನಿನಲ್ಲಿ ಬೆಟ್ಟ ಇಳಿದು ಬಂದು ಉಳಿದದ್ದು ಇದೇ ಕುಮಾರ ಪಾರ್ಕಿನಲ್ಲಿ, ಮೈಸೂರು ಸಂಸ್ಥಾನದ ಅತಿಥಿಯಾಗಿ. ದಿವಾನ್ ಶೇಷಾದ್ರಿ ಅಯ್ಯರ್ ಕಾಲದ ಕುಮಾರ ಕೃಪಾ ಈಗಲೂ ಸರ್ಕಾರಿ ಅತಿಥಿಗೃಹ. ಮಂತ್ರಿಮಂಡಲ ಅಲ್ಲಾಡುವ ದಿನಗಳಲ್ಲಿ ಟಿವಿಯವರ ವ್ಯಾನುಗಳಿಂದ ನಮ್ಮ ರಸ್ತೆಗಳು ಮುಚ್ಚಿಹೋಗುತ್ತವೆ. ಗಾಂಧಿ ಭವನ ಪೂರ್ವ ಕುಮಾರ ಪಾರ್ಕಿನಲ್ಲಿದೆ. ತರಕಾರಿಗೆ ಹೋಗುವಾಗ ನಾನು ಅದರ ಮುಂದೆಯೇ ಹಾಯುತ್ತೇನೆ.

ನನಗೆ ಸ್ವಾರಸ್ಯ ಕಾಣುವುದು ಬೇರೆ ಕಡೆ. ಉಪ್ಪಿಗಾಗಿ ದಂಡಿಗೆ ನಡೆದ ಮನುಷ್ಯ ಅದಕ್ಕೆ ಬಹಳ ಮುಂಚೆಯೇ, ದಕ್ಷಿಣ ಆಫ್ರಿಕದಲ್ಲಿ, ಉಪ್ಪನ್ನು ಬಿಟ್ಟು ನೋಡಿದ್ದರು. ಕಸ್ತೂರಬಾಗೆ ಕಾಯಿಲೆ. ಉಪ್ಪು, ಬೇಳೆ ಬಿಡು ಎಂದು ಗಂಡ ಹಟ ಹಿಡಿದರು. ಯಾರಾದರೂ ಹೇಳಿದರೆ ನಿಮ್ಮ ಕೈಲೂ ಬಿಡುವುದಕ್ಕಾಗುವುದಿಲ್ಲ ಎಂದು ಆಕೆ ಮಾತಿಗೆ ಮಾತು ಎಸೆದರು. ಗಂಡ ಸರಿ, ಒಂದು ವರ್ಷ ಬಿಟ್ಟೆ ಎಂದೇಬಿಟ್ಟರು. ಆತ್ಮಕಥೆಯಲ್ಲಿ ಇದನ್ನು ಅವರೇ ಬರೆದುಕೊಂಡಿದ್ದಾರೆ, ಆ ಆತ್ಮಕಥೆ ಕಂತುಕಂತಾಗಿ ಅಚ್ಚಾಗುತ್ತಿದ್ದ ಕಾಲದಲ್ಲೇ ಅವರು ನಮ್ಮ ಕುಮಾರ ಪಾರ್ಕಿನಲ್ಲಿದ್ದದ್ದು. ಉಪ್ಪಿಲ್ಲದೆ ಉಂಡವರಿಗೇ ಉಪ್ಪಿನ ಬೆಲೆ ಗೊತ್ತು ಎಂದು ದೊಡ್ಡ ಮಾತಾಡಬಹುದು. ನನಗೆ ಮಾತ್ರ ಬೇಳೆಯ ಮೇಲೇ ಗಮನ ಹೋಗುತ್ತದೆ. ಉಪ್ಪು ಬಿಟ್ಟದ್ದು ಸರಿ, ಬೇಳೆ ಏನು ಪಾಪ ಮಾಡಿತ್ತು? ಚಾಮರಾಜಪೇಟೆಯವಳಾಗಿ ನಾನು ಕಸ್ತೂರಬಾ ಪಕ್ಷ.

ದಂಡಿಯ ಬೆನ್ನಿಗೇ, 1930ರ ಏಪ್ರಿಲ್ 13ರಂದು ನಮ್ಮ ಅಂಕೋಲೆಯಲ್ಲಿ ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಕಾನೂನು ಮುರಿದು ಉಪ್ಪು ತೆಗೆದರು. ಅತ್ತ ತಮಿಳುನಾಡಿನಲ್ಲಿ ರಾಜಾಜಿ ತಿರುಚಿನಾಪಳ್ಳಿಯಿಂದ ವೇದಾರಣ್ಯಕ್ಕೆ ನಡೆದರು. ಅದೇ ವೇದಾರಣ್ಯದಲ್ಲಿ ಈಗ ಎಂ.ಎಸ್. ಸ್ವಾಮಿನಾಥನ್ ಸಂಶೋಧನಾ ಪ್ರತಿಷ್ಠಾನದವರು ಉಪ್ಪುನೆಲದ ಗಿಡಗಳದ್ದೇ ಒಂದು ತೋಟ ಬೆಳೆಸಿದ್ದಾರೆ. ಸಮುದ್ರ ಮೇಲೇರಿ ಗದ್ದೆಗಳಿಗೆ ಉಪ್ಪು ನುಗ್ಗಿದರೆ ಏನು ಬೆಳೆಯುವುದು ಎಂಬ ಚಿಂತೆ ಅದರ ಹಿಂದಿದೆ. ಉಪ್ಪಿನ ಸತ್ಯಾಗ್ರಹದ ಊರಿಗೆ ಇಂಥ ತೋಟ ಬಂದದ್ದನ್ನು ಕಾಕತಾಳೀಯ ಎನ್ನುವುದು ತಪ್ಪಾದೀತು. ಉಪ್ಪು ಇದ್ದಲ್ಲಿಗೆ ಎರಡೂ ಹೋದವು.

ನಮ್ಮ ಉತ್ತರ ಕನ್ನಡಕ್ಕೆ ಆ ಚಿಂತೆ ಹಳೆಯದು. ಅಘನಾಶಿನಿ ನದಿ ಸಮುದ್ರ ಸೇರುವ ಮೊದಲು ಅಗಲವಾಗಿ ಹರಡಿಕೊಳ್ಳುವ ಕುಮಟಾ ಸೀಮೆಯಲ್ಲಿ ಭರತ ಬಂದಾಗ ಉಪ್ಪುನೀರು ಒಳನಾಡಿಗೆ ಏರುತ್ತದೆ. ಒಂದು ಕಡೆ ಸಾಣಿಕಟ್ಟೆಯವರು ಅದೇ ನೀರನ್ನು ಪಾತಿಗಳಲ್ಲಿ ನಿಲ್ಲಿಸಿ ಬಿಸಿಲಿಗೊಣಗಿಸಿ ಉಪ್ಪು ತೆಗೆಯುತ್ತಾರೆ. ಇನ್ನೊಂದು ಕಡೆ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಮಳೆಗಾಲದಲ್ಲಿ ಸಿಹಿನೀರು ಉಪ್ಪನ್ನು ತೆಳುಮಾಡಿದಾಗ ಬಿತ್ತನೆ, ಕೊಯ್ಲಾದ ಮೇಲೆ ಕಟ್ಟೆಯ ಬಾಗಿಲು ತೆರೆದರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ನೆರೆಯಲ್ಲಿ ಮುಳುಗಿದರೂ ಸಾಯದ, ಉಪ್ಪಿಗೂ ಜಗ್ಗದ ತಳಿ ಕಗ್ಗ. ಮಾಣಿಕಟ್ಟೆಯ ರೈತರು ಅದನ್ನು ಕೈಬಿಡದೆ ಉಳಿಸಿಕೊಂಡಿದ್ದಾರೆ. ಇಷ್ಟು ಉಪ್ಪಿನ ನಡುವೆ ನಿಂತೂ ಅದರ ಅನ್ನದಲ್ಲಿ ಉಪ್ಪಿನ ಸುಳಿವೇ ಇರುವುದಿಲ್ಲ. ಅದೇ ಹಿನ್ನೀರಿನ ದಂಡೆಯಲ್ಲಿ ಹಬ್ಬುವ ಇನ್ನೊಂದು ಗಿಡ ಉಪ್ಪನ್ನೆಲ್ಲ ಎಲೆಗೆ ತುಂಬಿಕೊಂಡು ಕೊಬ್ಬುತ್ತದೆ.

ಆ ಗಿಡವನ್ನು ನನಗೆ ಕಳಿಸಿದವರು ನಮ್ಮ ಮೇಲಿನ ಮನೆಯ ಕೊಂಕಣಿ ಮಾಯಿಯ ತಮ್ಮ, ಕುಮಟಾದವರು. ಬೀದಿಯವರೆಲ್ಲ ಆಕೆಯನ್ನು ಮಾಯಿ ಎಂದೇ ಕರೆಯುವುದು. ಬಾಟಲಿ ನೋಡಿದ ಮಾಯಿ, "ಇಂಥದ್ದು ನಮ್ಮಲ್ಲಿ ಹೊಳೆ ಬದಿ ಬಿದ್ದುಕೊಂಡಿರ್ತದೆ, ಯಾರು ಕೇಳ್ತಾರೆ" ಎಂದು ಫೋನ್ ಹಚ್ಚಿದರು. ಎರಡನೆಯ ದಿನದ ಬಸ್ಸಿಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಗಂಟು ಬಂತು. ಬಾಟಲಿಯದ್ದಲ್ಲ, ಬೇರೆ ಜಾತಿ. ಕೆಂಪು ಕಾಂಡ, ದಪ್ಪ ನೀಳ ಎಲೆ, ತುದಿಯಲ್ಲೊಂದು ಪುಟ್ಟ ಗುಲಾಬಿ ಬಣ್ಣದ ಹೂವು. ಸೆಸುವಿಯಂ ಎಂದು ಹುಡುಗಿ ಫೋನಿನಲ್ಲಿ ಹುಡುಕಿ ಹೇಳಿದಳು. ಫಿಲಿಪ್ಪೀನ್ಸಿನವರು ಇದಕ್ಕೆ ಉಪ್ಪಿನಕಾಯಿ ಹಾಕುತ್ತಾರಂತೆ. ನೋಡಿದ ಕೂಡಲೇ ನನಗೆ ಇದು ಗೋಣಿ ಸೊಪ್ಪಿನ ಅಕ್ಕನೋ ತಂಗಿಯೋ ಅನ್ನಿಸಿತು. ಕುಲ ಬೇರೆಯಂತೆ, ಇರಲಿ. ಮನೆಯಲ್ಲಿ ಈಗ ಅದರ ಹೆಸರು ಕಡಲಗೋಣಿ.

ಗೋಣಿ ಸೊಪ್ಪು ಗೊತ್ತಿಲ್ಲದವರು ಮಲ್ಲೇಶ್ವರದ ಮಾರುಕಟ್ಟೆಯ ಸೊಪ್ಪಿನವರನ್ನು ಕೇಳಬೇಕು. ನೆಲಕ್ಕೆ ಹಬ್ಬುವ, ಎಲೆ ದಪ್ಪಗಿರುವ, ಕಳೆ ಎಂದು ಕಿತ್ತೆಸೆಯುವ ಸೊಪ್ಪು. ಹಳ್ಳಿಯ ಕಡೆ ಹೊಲದ ಬದುವಿನಿಂದ ಕಿತ್ತು ತಂದ ಬೆರಕೆ ಸೊಪ್ಪಿನಲ್ಲಿ ಅದು ಇದ್ದೇ ಇರಬೇಕು, ಹುಳಿಯ ಪಾಲು ಅದರದ್ದು. ನೀರಿಲ್ಲದ ಬಿಸಿಲಿನಲ್ಲಿ ಈ ಸೊಪ್ಪು ಒಂದು ಉಪಾಯ ಮಾಡುತ್ತದೆ. ಹಗಲು ಉಸಿರಾಟದ ರಂಧ್ರ ಮುಚ್ಚಿಕೊಂಡು, ರಾತ್ರಿ ತೆರೆದು, ಒಳಗೆ ಬಂದದ್ದನ್ನು ಆಮ್ಲವಾಗಿಸಿ ಕೂಡಿಟ್ಟುಕೊಳ್ಳುತ್ತದೆ. ಹಾಗಾಗಿ ಬೆಳಿಗ್ಗೆ ಕಿತ್ತ ಸೊಪ್ಪು ಸಂಜೆ ಕಿತ್ತದ್ದಕ್ಕಿಂತ ಹುಳಿ. ಬೆಳಗಾಗುತ್ತಲೇ ಮಡಿಲು ಕಟ್ಟಿ ಸೊಪ್ಪಿಗೆ ಹೋಗುತ್ತಿದ್ದ ಹೆಂಗಸರು ಬಿಸಿಲೇರುವ ಮುಂಚೆ ಬರಲೆಂದು ಹಾಗೆ ಮಾಡುತ್ತಿದ್ದರೋ, ಹುಳಿಗಾಗಿಯೋ, ಸಾರಿಗಂತೂ ಲಾಭವಾಯಿತು.

ಕಡಲಗೋಣಿಯ ಮೇಲೆ ನಡೆದ ಪ್ರಯೋಗಗಳನ್ನು ಎಲ್ಲ ಹೇಳುವುದಿಲ್ಲ. ಕೆಲವಕ್ಕೆ ಸಾಕ್ಷಿಗಳೇ ಉಳಿದಿಲ್ಲ. ಮೊದಲು ಚೆನ್ನಾಗಿ ತೊಳೆದು, ಸಾದಾ ನೀರಿನಲ್ಲಿ ಒಂದು ಕುದಿ ಬರಿಸಿ ನೀರು ಚೆಲ್ಲುವುದು. ತಿಂದು ನೋಡಿ ಬೇಕಾದರೆ ಇನ್ನೊಮ್ಮೆ. ಇಂಥ ಗಿಡ ಎಲ್ಲಿಯದು ಎಂದು ಕೇಳದೆ ತಿನ್ನಲೂಬಾರದು. ಉಪ್ಪನ್ನು ಹೀರುವ ಬೇರು ಚರಂಡಿಯ ಸೀಸವನ್ನೂ ಬೇಡ ಎನ್ನುವುದಿಲ್ಲ. ಕೆಟ್ಟ ಮಣ್ಣನ್ನು ಶುದ್ಧಮಾಡಲು ಇದನ್ನು ನೆಡುವುದುಂಟು. ಇನ್ನು ಗಿಡದ ಉಪ್ಪು ಒಳ್ಳೆಯದು, ಬಿಪಿಗೆ ಏನೂ ಮಾಡುವುದಿಲ್ಲ ಎಂದು ನಮ್ಮವರು ಎರಡನೆಯ ಸಲ ಬಡಿಸಿಕೊಳ್ಳಲು ಹೂಡಿದ ವಾದ ನಿಲ್ಲಲಿಲ್ಲ. ದಿನಕ್ಕೆ 5 ಗ್ರಾಂ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕದಲ್ಲಿ ಎಲೆಯೊಳಗಿನ ಉಪ್ಪೂ ಉಪ್ಪೇ.

ಬೇಳೆ ಸಾರಿಗೆ ಇದು ಒಗ್ಗುವುದಿಲ್ಲ. ತೌರಿನ ಮೇಲೆ ಎಷ್ಟೇ ಅಭಿಮಾನವಿದ್ದರೂ ಹೇಳಲೇಬೇಕು. ಹುಣಸೆಹಣ್ಣು, ಸಾರಿನ ಪುಡಿ, ಇಂಗು ಮೂರೂ ಗಟ್ಟಿ ಗಂಟಲಿನವು. ಅವುಗಳ ಸದ್ದಿನಲ್ಲಿ ಎಲೆ ಮೆತ್ತಗಾಗಿ, ಬರೀ ಹೆಚ್ಚಾದ ಉಪ್ಪಾಗಿ ಉಳಿಯುತ್ತದೆ. ಗಸಗಸೆ, ಗೋಡಂಬಿ ಅರೆದ ಶ್ರೀಮಂತ ಗೊಜ್ಜುಗಳಿಗೂ ಬೇಡ. ಎಣ್ಣೆಯಲ್ಲಿ ಕರಿದ ಬಜ್ಜಿ ಚೆನ್ನಾಗಿತ್ತು, ಆದರೆ ಬಜ್ಜಿಯಾದರೆ ಚಪ್ಪಲಿಯೂ ಚೆನ್ನಾಗಿರುತ್ತದೆ. ಅದಕ್ಕೆ ಅಂಕ ಕೊಡಲಾರೆ.

ಸರಿಹೋದದ್ದು ಕೋಸಂಬರಿ. ನೆನೆಸಿದ ಹೆಸರುಬೇಳೆ, ಸೌತೆಕಾಯಿ, ತೆಂಗಿನತುರಿ, ಹಸಿಮೆಣಸಿನ ಚೂರು, ನಿಂಬೆರಸ. ರಾಮನವಮಿಯ ಪಾನಕದ ಪಕ್ಕ ದೊನ್ನೆಯಲ್ಲಿ ಕೊಡುವ ಅದೇ ಕೋಸಂಬರಿ. ಅದಕ್ಕೊಂದು ಜನ್ಮಜಾತ ತೊಂದರೆಯಿದೆ. ಉಪ್ಪು ಹಾಕಿದ ಅರ್ಧ ಗಂಟೆಗೆಲ್ಲ ಸೌತೆಕಾಯಿ ನೀರು ಬಿಟ್ಟು ತಳದಲ್ಲಿ ಕೊಳ ಕಟ್ಟುತ್ತದೆ. ಅದಕ್ಕೇ ಅಮ್ಮ ಎಲೆ ಹಾಕಿದ ಮೇಲೆಯೇ ಉಪ್ಪು ಬೆರೆಸುತ್ತಿದ್ದಳು. ಉಪ್ಪಿನ ಬದಲು ಕಡಲಗೋಣಿಯನ್ನು ಸಣ್ಣಗೆ ಹೆಚ್ಚಿ ಹಾಕಿದರೆ ಉಪ್ಪು ಬಹುಪಾಲು ಎಲೆಯ ಒಳಗೇ ಇರುತ್ತದೆ, ಸೌತೆಕಾಯಿ ಗರಿಗರಿಯಾಗಿ ಉಳಿಯುತ್ತದೆ. ಬೇಳೆ ಸಪ್ಪೆ, ಸೌತೆ ತಂಪು, ನಡುವೆ ಹಲ್ಲಿಗೆ ಸಿಕ್ಕ ಕಡೆ ಮಾತ್ರ ಉಪ್ಪು. ಪ್ರತಿ ತುತ್ತೂ ಬೇರೆ. ಕಾರ್ತಿಕದ ಕಡೆಯ ಸೋಮವಾರ ಬಸವನಗುಡಿಯ ಪರಿಷೆಗೆ ಬರುವ ಹಸಿ ಕಡಲೆಕಾಯಿಯನ್ನು ಒಂದಿಷ್ಟು ಫ್ರಿಜ್ಜಿನಲ್ಲಿ ಉಳಿಸಿಟ್ಟಿದ್ದೆ. ಬೇಯಿಸಿ ಅದನ್ನೂ ಬೆರೆಸಿದೆ. ಕಡಲೆಕಾಯಿಯ ಸಿಹಿ ಜಿಡ್ಡಿಗೆ ಈ ಎಲೆ ಹೇಳಿ ಮಾಡಿಸಿದ ಜೋಡಿ.

ಉಪ್ಪು ಕಹಿಯನ್ನು ಅಡಗಿಸುತ್ತದೆ, ಕಹಿ ಅಡಗಿದಾಗ ಸಿಹಿ ಮುಂದಕ್ಕೆ ಬರುತ್ತದೆ ಎಂದು ನಾಲಿಗೆಯ ವಿಜ್ಞಾನಿಗಳು ತೋರಿಸಿದ್ದಾರೆ. ಶಾಲೆಗಳ ಮುಂದೆ ಸೀಬೆಹಣ್ಣು ಸೀಳಿ ಉಪ್ಪು-ಖಾರ ತುಂಬಿ ಕೊಡುವವರಿಗೆ ಪ್ರಯೋಗಾಲಯ ಬೇಕಾಗಿರಲಿಲ್ಲ. ಆ ಧೈರ್ಯದ ಮೇಲೆ ಮೆಂತ್ಯದ ಸೊಪ್ಪಿನ ಜೊತೆ ಕಡಲಗೋಣಿಯನ್ನು ತೆಂಗಿನೆಣ್ಣೆಯಲ್ಲಿ ಬಾಡಿಸಿ, ಕಾಯಿ ತುರಿದು ಹಾಕಿದೆ. ಒಂದು ಚೂರು ಬೆಲ್ಲವನ್ನೂ ಹಾಕಿದೆ. ಮೆಂತ್ಯ ತನ್ನ ಸಿಡುಕು ಬಿಟ್ಟಿತು. ಮಾಯಿ ಇದನ್ನು ಕಗ್ಗದ ಅಕ್ಕಿಯ ಗಂಜಿಯ ಪಕ್ಕದಲ್ಲಿಟ್ಟುಕೊಂಡು, ಗಂಜಿಗೆ ಒಂದು ಕಾಳು ಉಪ್ಪೂ ಹಾಕಿಕೊಳ್ಳದೆ ಉಂಡರು. ಒಂದೇ ಹಿನ್ನೀರಿನ ಎರಡು ಬೆಳೆ, ಒಂದು ಉಪ್ಪನ್ನು ಹತ್ತಿರ ಸೇರಿಸದ್ದು, ಇನ್ನೊಂದು ಬಿಡದ್ದು, ಕುಮಾರ ಪಾರ್ಕಿನ ಸ್ಟೀಲ್ ತಟ್ಟೆಯಲ್ಲಿ ಒಟ್ಟಿಗಾದವು. ಆಕೆಗೆ ಇದೇ ಮೊದಲ ಸ್ಥಾನ.

ನನ್ನ ಮೊದಲ ಸ್ಥಾನ ಬೇರೆ. ಜನವರಿಯ ಅವರೆಕಾಯಿ ಸೊಗಡಿಗೆ ಬಂದಿತ್ತು. ಸೊಗಡಿನ ಅವರೆಯನ್ನು ಅದರ ಎಣ್ಣೆ ಕೈಗಂಟುವುದರಿಂದಲೇ ಗುರುತಿಸಿ ಕೊಳ್ಳಬೇಕು ಎಂಬುದು ನಮ್ಮಮ್ಮನ ನಿಯಮ. ಕಾಳು ಬಿಡಿಸಿ, ಸಬ್ಬಸಿಗೆ, ದಂಟು, ಒಂದು ಕಟ್ಟು ಗೋಣಿ ಸೊಪ್ಪು, ಅದರ ಜೊತೆಗೆ ಮೂರನೆಯ ಪಾಲು ಕಡಲಗೋಣಿ ಹಾಕಿ ಬೇಯಿಸಿ, ಅರ್ಧ ಮಸೆದು, ಬೆಳ್ಳುಳ್ಳಿ ಒಣಮೆಣಸಿನ ಒಗ್ಗರಣೆ ಕೊಟ್ಟೆ. ಉಪ್ಪಿನ ಮರಿಗೆಯ ಮುಚ್ಚಳ ತೆಗೆಯಲಿಲ್ಲ. ಜೊತೆಗೆ ರಾಗಿಮುದ್ದೆ. ಪುತ್ತೂರಿನವರು ಗಂಜಿಯ ಸಪ್ಪೆಯ ಬಗ್ಗೆ ಎಷ್ಟು ಜಂಬ ಕೊಚ್ಚಿದರೂ, ಸಪ್ಪೆಯ ಮಟ್ಟಿಗೆ ಮುದ್ದೆಯೇನು ಅದಕ್ಕೆ ಕಡಿಮೆಯಲ್ಲ. ಮುದ್ದೆಗೆ ಉಪ್ಪು ಹಾಕುವವರನ್ನು ನಮ್ಮ ಕಡೆ ಸ್ವಲ್ಪ ಅನುಮಾನದಿಂದಲೇ ನೋಡುತ್ತಾರೆ. ಉಪ್ಪು, ಹುಳಿ, ಖಾರ ಎಲ್ಲ ಸಾರಿನ ಜವಾಬ್ದಾರಿ, ಹೊಟ್ಟೆ ತುಂಬಿಸುವುದಷ್ಟೇ ಮುದ್ದೆಯದು. ಕಡಲದಂಡೆಯ ಎಲೆಗೆ ಕೋಲಾರದ ರಾಗಿ ಜೊತೆಯಾಗುತ್ತದೆ ಎಂದು ಯಾವ ಹೋಟೆಲಿನ ಮಾಣಿಯೂ ಹೇಳಿರಲಿಲ್ಲ. ಅವರೆಯ ಸೊಗಡು ಹಿಂದೆ ನಿಂತು, ಎಲೆಯ ಉಪ್ಪು ಮುಂದೆ ಬಂದು, ಮುದ್ದೆ ಎರಡನ್ನೂ ಗಂಟಲಿಗೆ ಇಳಿಸಿತು.

ಹಾಲೆಂಡಿನ ಹುಡುಗಿ ಎರಡು ಮುದ್ದೆ ಮುಗಿಸಿ ಮೂರನೆಯದಕ್ಕೆ ಕೈಚಾಚಿದಳು. ಮಾಯಿ ಅವರೆಯ ವಾಸನೆಗೆ ಮೂಗು ಮುರಿದರೂ ಸಾರನ್ನು ಲೋಟದಲ್ಲಿ ಹಾಕಿಸಿಕೊಂಡು ಕುಡಿದರು. ನಮ್ಮವರದೇ ಸಮಸ್ಯೆ. ಮುದ್ದೆಯನ್ನು ಸಾರಿನಲ್ಲಿ ಹೊರಳಿಸಿ ನುಂಗಬೇಕು, ಅಗಿದರೆ ರಾಗಿ ಬಾಯಲ್ಲೇ ನಿಂತು ಉಪ್ಪನ್ನೆಲ್ಲ ಕುಡಿದುಬಿಡುತ್ತದೆ ಎಂದು ಮದುವೆಯಾದಂದಿನಿಂದ ಹೇಳುತ್ತಿದ್ದೇನೆ. ಅವರು ಪ್ರತಿ ತುತ್ತನ್ನೂ ಶ್ರದ್ಧೆಯಿಂದ ಅಗಿದು, ಕಡೆಗೆ ತಲೆಯೆತ್ತಿ, "ಉಪ್ಪು ಒಂಚೂರು ಕಡಿಮೆ ಆಯ್ತಾ ಅಂತ" ಎಂದರು.